ಅಗ್ಗದ ಬ್ಯಾಂಡೋ, ಕಾಲಿಂಗ್ ವಾಚೋ, ಜೇಬಿನ ಫೋನೇ ಸಾಕೋ?

ನಮ್ಮ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಎರಡು ತಿಂಗಳು ಒಂದು ವಾಚ್ ಕೂತಿತ್ತು. ಅಮ್ಮನಿಗೆ ಅಂತ ನಾನೇ ತಂದದ್ದು. ದೊಡ್ಡ ಪರದೆ, ಹೆಜ್ಜೆ, ನಾಡಿ ಎಣಿಸುತ್ತದೆ, ಫೋನ್ ಬಂದರೆ ಅದರಲ್ಲೇ ಮಾತಾಡಬಹುದು (ಅದಕ್ಕೇ ಕಾಲಿಂಗ್ ವಾಚ್ ಅನ್ನುವುದು), ಬೆಲೆ 1,799 ರೂಪಾಯಿ. ಅಮ್ಮ ಪಾತ್ರೆ ತೊಳೆಯುವ ಮುಂಚೆ ಬಿಚ್ಚಿಡುತ್ತಿದ್ದರು. ಆಮೇಲೆ ಕಟ್ಟಿಕೊಳ್ಳೋದು ಮರೆತೇ ಹೋಗುತ್ತಿತ್ತು. ಸಂಜೆ ನೋಡಿದರೆ 412 ಹೆಜ್ಜೆ. ಬೆಳಗ್ಗೆ ಐದಕ್ಕೆ ಎದ್ದು ಮನೆಯೆಲ್ಲ ಓಡಾಡಿದ ಜೀವಕ್ಕೆ 412 ಹೆಜ್ಜೆ!

ಆವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಎರಡು ಸಾವಿರದ ಆಸುಪಾಸಿನ ಇಂಥ ಸಾಮಾನು ಕೊಳ್ಳುವಾಗ ಡಬ್ಬಿಯ ಮೇಲಿನ ನೂರಾರು ಸ್ಪೋರ್ಟ್ಸ್ ಮೋಡ್ ಲೆಕ್ಕ ಹಾಕಬೇಡಿ. ಇದನ್ನು ವಾರಕ್ಕೆ ಎಷ್ಟು ಸಲ ಕೈಯಿಂದ ಬಿಚ್ಚಬೇಕಾಗುತ್ತದೆ ಅಂತ ಕೇಳಿ. ಬಿಚ್ಚಿದ ಪ್ರತಿ ಸಲವೂ ಅದು ಮೇಜಿನ ಮೇಲೇ ಉಳಿದುಬಿಡುವ ಅವಕಾಶ ಇರುತ್ತದೆ. ಕೈಯಲ್ಲಿ ಇಲ್ಲದ್ದು ಏನನ್ನೂ ಅಳೆಯೋದಿಲ್ಲ.

ಇದನ್ನು ಬರೆಯುವ ಮುಂಚೆ ಒಂದು ತಿಂಗಳು ಎಡಗೈಗೆ ಹೆಜ್ಜೆ, ನಾಡಿ ನೋಡುವ ತೆಳು ಪಟ್ಟಿ, ಅಂದರೆ ಬ್ಯಾಂಡ್, ಬಲಗೈಗೆ ಅಮ್ಮನ ಆ ವಾಚ್, ಪ್ಯಾಂಟ್ ಜೇಬಲ್ಲಿ ಫೋನ್ ಇಟ್ಟುಕೊಂಡು ಓಡಾಡಿದೆ. ಮೈಸೂರಲ್ಲಿ ನಮ್ಮ ಮನೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ದಂಡೆಯ ಮೇಲೆ ನಡಿಗೆ, ಹಗಲೆಲ್ಲ ಕೂತು ಮಾಡುವ ಕೆಲಸ, ಸಂಜೆ ಸ್ಕೂಟರ್. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ಇಲ್ಲಿದೆ.

ಮೊದಲು ಫೋನ್ ನೋಡಿ, ದುಡ್ಡು ಉಳಿಯಬಹುದು

ನಿಮ್ಮ ಫೋನಿನಲ್ಲಿ ಅಲುಗಾಟ ಅಳೆಯುವ ಸೆನ್ಸರ್ ಈಗಾಗಲೇ ಇದೆ. ಬ್ಯಾಂಡಿನಲ್ಲಿ ಇರುವುದೂ ಅದೇ ಜಾತಿಯದು. ಸ್ಯಾಮ್‌ಸಂಗ್ ಹೆಲ್ತ್ ಆಗಲಿ, ಹೆಜ್ಜೆ ಎಣಿಸುವ ಬೇರೆ ಆ್ಯಪ್ ಆಗಲಿ ಹಾಕಿಕೊಂಡು ಫೋನ್ ಜೇಬಲ್ಲಿಟ್ಟು ನಡೆದರೆ ಹೆಜ್ಜೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ನಾನು ಬಾಯಲ್ಲಿ ಎಣಿಸುತ್ತಾ 500 ಹೆಜ್ಜೆ ನಡೆದಾಗ ಫೋನ್ 496 ಅಂದಿತು, ಬ್ಯಾಂಡ್ 503, ವಾಚ್ 538. ದಿನಕ್ಕೊಮ್ಮೆ ವಾಕಿಂಗ್ ಹೋಗಿ ಬರುವುದಷ್ಟೇ ನಿಮಗೆ ಬೇಕಾದ ಲೆಕ್ಕ ಅಂದರೆ ಏನೂ ಕೊಳ್ಳಬೇಡಿ.

ಆದರೆ ಫೋನಿನ ಲೆಕ್ಕ ಜೇಬಿದ್ದವರದು. ಸೀರೆಗೆ, ನೈಟಿಗೆ, ಎಷ್ಟೋ ಚೂಡಿದಾರಕ್ಕೆ ಜೇಬೇ ಇರುವುದಿಲ್ಲ. ಫೋನ್ ಟಿವಿ ಪಕ್ಕ ಇರುತ್ತದೆ, ಮನುಷ್ಯರು ಹಿತ್ತಲಲ್ಲಿ ಇರುತ್ತಾರೆ. ಮನೆಯಲ್ಲೇ ದಿನವಿಡೀ ನಡೆದಾಡುವವರ ಶ್ರಮ ಫೋನಿಗೆ ಕಾಣುವುದೇ ಇಲ್ಲ. ಅಂಥವರಿಗೆ ಕೈಗೆ ಕಟ್ಟುವುದು ನಿಜವಾಗಿ ಬೇಕು. ನಿದ್ದೆ, ನಾಡಿ ನೋಡಬೇಕು ಅನ್ನುವವರಿಗೂ ಬೇಕು.

ಹೆಜ್ಜೆ: ಯಾವುದು ಎಷ್ಟು ನಿಜ?

ಕೈಗೆ ಕಟ್ಟಿದ್ದು ಕಾಲನ್ನು ನೋಡುವುದಿಲ್ಲ, ಕೈ ಬೀಸುವುದನ್ನು ನೋಡಿ ಕಾಲನ್ನು ಊಹಿಸುತ್ತದೆ. ಎಲ್ಲ ಎಡವಟ್ಟೂ ಇಲ್ಲಿಂದಲೇ. ಅಮ್ಮ ಮುದ್ದೆ ಕೋಲು ಹಿಡಿದು ಹಿಟ್ಟು ತೊಳಸುವಾಗ ವಾಚ್ ಕಟ್ಟಿಸಿ ನೋಡಿದೆ. ಒಲೆ ಮುಂದೆ ನಿಂತಲ್ಲೇ 90 ಹೆಜ್ಜೆ. "ಏನೋ ಇದು, ನಿಂತಲ್ಲೇ ನಡೀತಾ ಇದೀನಿ ಅಂತಿದೆಯಲ್ಲೋ" ಅಂದರು. ಅದೇ ಕೈಯಲ್ಲಿ ನೀರಿನ ಕೊಡ ಹಿಡಿದು ಬಂದರೆ ಲೆಕ್ಕವೇ ಇಲ್ಲ, ಯಾಕೆಂದರೆ ಕೈ ಅಲುಗುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಟ್ರಾಲಿ ತಳ್ಳುವಾಗ, ಮಗುವನ್ನು ಎತ್ತಿಕೊಂಡು ನಡೆಯುವಾಗಲೂ ಇದೇ ಕತೆ.

ಸ್ಕೂಟರ್ ಪರೀಕ್ಷೆ ಇನ್ನೂ ಚೆನ್ನಾಗಿ ವ್ಯತ್ಯಾಸ ತೋರಿಸಿತು. ಗುಂಡಿ ಬಿದ್ದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಬಂದೆ. ಬ್ಯಾಂಡ್ 20 ಹೆಜ್ಜೆ ಸೇರಿಸಿತ್ತು, ವಾಚ್ 310. ಅಗ್ಗದ ಸಾಮಾನುಗಳಲ್ಲಿ ಸೆನ್ಸರ್ ಒಂದೇ ತರ ಇದ್ದರೂ, ಯಾವ ಅಲುಗಾಟ ಹೆಜ್ಜೆ, ಯಾವುದಲ್ಲ ಅಂತ ಜರಡಿ ಹಿಡಿಯುವ ಸಾಫ್ಟ್‌ವೇರ್ ಒಂದೇ ತರ ಇರುವುದಿಲ್ಲ. ಕೆಲವು ಬ್ಯಾಂಡ್‌ಗಳು ಸಾಲಾಗಿ ಒಂದಿಷ್ಟು ಹೆಜ್ಜೆ ಬಿದ್ದ ಮೇಲೇ ಎಣಿಕೆ ಶುರು ಮಾಡುತ್ತವೆ. ಅದರಿಂದ ಸ್ಕೂಟರಿನ ಸುಳ್ಳು ಹೆಜ್ಜೆ ತಪ್ಪುತ್ತದೆ. ಜೊತೆಗೆ ಒಲೆಯಿಂದ ಸಿಂಕಿಗೆ ಹಾಕುವ ನಾಲ್ಕು ನಿಜ ಹೆಜ್ಜೆಯೂ ತಪ್ಪಿಹೋಗುತ್ತದೆ. ನನಗೆ ಜಾಸ್ತಿ ಎಣಿಸುವುದಕ್ಕಿಂತ ಕಮ್ಮಿ ಎಣಿಸುವುದೇ ವಾಸಿ. ಸುಳ್ಳು ಹೆಜ್ಜೆ ನೋಡಿ ಸಮಾಧಾನ ಪಟ್ಟುಕೊಂಡರೆ ನಷ್ಟ ನಮ್ಮದೇ ಅಲ್ವಾ?

ದೂರದ ಲೆಕ್ಕಕ್ಕೂ ಒಂದು ಮಾತು. ಈ ಬೆಲೆಯಲ್ಲಿ ಸಾಮಾನ್ಯವಾಗಿ ಜಿಪಿಎಸ್ ಒಳಗೇ ಇರುವುದಿಲ್ಲ. ಫೋನಿನ ಜಿಪಿಎಸ್ ಎರವಲು ಪಡೆಯುತ್ತವೆ, ಇಲ್ಲದಿದ್ದರೆ ನಿಮ್ಮ ಎತ್ತರ ನೋಡಿ ಹೆಜ್ಜೆಯ ಅಳತೆ ಊಹಿಸುತ್ತವೆ. ಊರಿನ ಕ್ರೀಡಾಂಗಣದಲ್ಲಿ 400 ಮೀಟರ್ ಟ್ರ್ಯಾಕ್ ಇದ್ದರೆ ಒಳಗಿನ ಲೇನಿನಲ್ಲಿ ಐದು ಸುತ್ತು ಹಾಕಿ ನೋಡಿ, ಎರಡು ಕಿಲೋಮೀಟರ್ ತೋರಿಸಬೇಕು. ಹೊರಗಿನ ಲೇನ್ ಬೇಡ. ಎಂಟನೇ ಲೇನಿನಲ್ಲಿ ಸುತ್ತಿಗೆ 50 ಮೀಟರಿಗೂ ಜಾಸ್ತಿ ಸೇರುತ್ತದೆ.

ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ ಎಷ್ಟೋ ಡಬ್ಬಿಯಲ್ಲಿ ಮೊದಲೇ ತುಂಬಿ ಬರುತ್ತದೆ. ಅದು ಡಾಕ್ಟರುಗಳು ಕೂತು ಲೆಕ್ಕ ಹಾಕಿದ ಸಂಖ್ಯೆ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮಾರನೇ ವರ್ಷ ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್‌ಪೊ ಕೇ. ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಹೆಸರೇ ಗುರಿಯಾಗಿ ಉಳಿಯಿತು. 2019ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಸುಪಾಸಿನ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಾನು ಅಮ್ಮನ ಗುರಿಯನ್ನು 5,000ಕ್ಕೆ ಇಳಿಸಿದೆ. ಗುರಿ ಮುಟ್ಟಿದಾಗ ಕೈಯಲ್ಲಿ ಗುಂಯ್ ಅನ್ನುತ್ತದೆ. ಅಮ್ಮನ ಮುಖ ಅರಳುತ್ತದೆ. 10,000 ಇದ್ದಾಗ ಅದು ಒಂದು ದಿನವೂ ಗುಂಯ್ ಅಂದಿರಲಿಲ್ಲ.

ನಾಡಿ, ಆಕ್ಸಿಜನ್, ಬಿಪಿ: ಇಲ್ಲಿ ಹುಷಾರಾಗಿರಿ

ಬ್ಯಾಂಡಿನ ಹೊಟ್ಟೆಯಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ಅದು ನಾಡಿ ನೋಡುವುದು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತ ಏರಿ ಇಳಿಯುತ್ತದೆ, ವಾಪಸು ಬರುವ ಬೆಳಕೂ ಏರಿಳಿಯುತ್ತದೆ. ಸುಮ್ನೆ ಕೂತಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೆರಳಿಟ್ಟು 30 ಸೆಕೆಂಡ್ ನಾಡಿ ಎಣಿಸಿ ಎರಡರಿಂದ ಗುಣಿಸಿದೆ, 68 ಬಂತು. ಬ್ಯಾಂಡ್ 67, ವಾಚ್ 70. ಮೆಟ್ಟಿಲು ಹತ್ತಿ ಇಳಿದ ಮೇಲೆ ನೋಡಿದರೆ ಬೆರಳಿನ ಲೆಕ್ಕ 124, ಬ್ಯಾಂಡ್ 115, ವಾಚ್ ಇನ್ನೂ 88ರಲ್ಲೇ ಇತ್ತು. ಅರ್ಧ ನಿಮಿಷ ಬಿಟ್ಟು ಅದು 120 ತೋರಿಸುವ ಹೊತ್ತಿಗೆ ನನ್ನ ನಾಡಿ ಇಳಿದಾಗಿತ್ತು.

ಕಟ್ಟುವ ಜಾಗವೂ ಮುಖ್ಯ. ಮಣಿಕಟ್ಟಿನ ಮೂಳೆಯ ಮೇಲೆ ಬೇಡ, ಅಲ್ಲಿಂದ ಒಂದು ಬೆರಳಗಲ ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಸಡಿಲ ಇದ್ದರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ. ಆ ಜಾಗದಲ್ಲಿ ಹಚ್ಚೆ ಇದ್ದರೆ ಶಾಯಿ ಬೆಳಕನ್ನು ತಡೆಯುತ್ತದೆ, ಇನ್ನೊಂದು ಕೈ ನೋಡಿ. ಅಮ್ಮನ ಕೈಗೆ ಕೊಬ್ಬರಿ ಎಣ್ಣೆ ಹತ್ತಿದ ದಿನ ಗಾಜು ಮಸುಕಾಗಿ ಲೆಕ್ಕ ಹಾದಿ ತಪ್ಪುತ್ತಿತ್ತು. ಒಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತಿತ್ತು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೊಂದು ಸಲದ ಸಂಖ್ಯೆ ಅಲ್ಲ, ಆ್ಯಪಿನಲ್ಲಿ ಏರಿಳಿತ ತೋರಿಸುವ ವಾರಗಟ್ಟಲೆಯ ಗೆರೆ. ಸುಮ್ನೆ ಇರುವಾಗಿನ ನನ್ನ ನಾಡಿ ಸಾಮಾನ್ಯವಾಗಿ 64ರಿಂದ 66. ಸೆಪ್ಟೆಂಬರಿನ ಒಂದು ದಿನ ಅದು 77ಕ್ಕೆ ಹೋಯಿತು. ಮಾರನೇ ದಿನ ಜ್ವರ. ಎರಡು ವಾರ ಆದ ಮೇಲೆ ಗೆರೆ ಮತ್ತೆ 66ಕ್ಕೆ ಬಂತು, ಆಮೇಲೆ ವಾಕಿಂಗ್ ಶುರು ಮಾಡಿದೆ. ಈ ಗೆರೆ ಸಿಗಬೇಕಾದರೆ ರಾತ್ರಿಯೂ ಕೈಯಲ್ಲಿ ಇರಬೇಕು.

ರಕ್ತದ ಆಕ್ಸಿಜನ್ ಮಟ್ಟವನ್ನು ಕೋವಿಡ್ ಸಮಯದಲ್ಲಿ ಎಲ್ಲರೂ ಕೇಳುತ್ತಿದ್ದರು, ಹಾಗಾಗಿ ಎಷ್ಟೋ ವಾಚಿಗೆ ಅದು ಬಂತು. ಮಣಿಕಟ್ಟಿನಲ್ಲಿ ಅದನ್ನು ಅಳೆಯುವುದು ಬೆರಳ ತುದಿಗಿಂತ ಕಷ್ಟ. ಉಸಿರಾಟದ ತೊಂದರೆ ಇದ್ದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಿ.

ಇನ್ನು ಬಿಪಿ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಅಮ್ಮನ ವಾಚಿನಲ್ಲಿ ಬಿಪಿ ನೋಡುವ ಗುಂಡಿ ಇತ್ತು. ಪ್ರತಿ ಸಲವೂ 120ರ ಹತ್ತಿರ ತೋರಿಸುತ್ತಿತ್ತು. ಅಮ್ಮನಿಗೆ ಬಿಪಿ ಮಾತ್ರೆ ನಡೆಯುತ್ತಿದೆ. "ಸರಿಯಾಗೇ ಇದೆಯಲ್ಲೋ, ಮಾತ್ರೆ ಬಿಡಲಾ?" ಅಂತ ಒಂದು ದಿನ ಕೇಳಿದರು. ನನ್ನ ಎದೆ ಧಸಕ್ಕೆಂದಿತು. ತೋಳಿಗೆ ಪಟ್ಟಿ ಸುತ್ತುವ ಮೆಷಿನ್ ತಂದು ನೋಡಿದೆ, 148 ಬೈ 92. ಆಮೇಲೆ ಆ ವಾಚನ್ನು ಒಂದು ಸುತ್ತಿದ ಟವಲಿಗೆ ಕಟ್ಟಿ ಅದೇ ಗುಂಡಿ ಒತ್ತಿದೆ. ಟವಲಿನ ಬಿಪಿ 118 ಬೈ 76. ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ ಇಲ್ಲದೆ ಬಿಪಿ ಹೇಳುತ್ತೇನೆ ಅನ್ನುವ ಅಗ್ಗದ ವಾಚನ್ನು ನಂಬಿ ಒಂದು ಮಾತ್ರೆಯನ್ನೂ ಬದಲಿಸಬೇಡಿ. ಶುಗರ್ ವಿಷಯವೂ ಹೀಗೇ. ಚರ್ಮ ಚುಚ್ಚದೆ ಶುಗರ್ ಹೇಳುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಅಂಥ ಒಂದೇ ಒಂದು ಸಾಧನಕ್ಕೂ ಅದು ಒಪ್ಪಿಗೆ ಕೊಟ್ಟಿರಲಿಲ್ಲ. ಡಬ್ಬಿಯ ಮೇಲೆ ಶುಗರ್ ಅಂತ ಬರೆದಿದ್ದರೆ ಆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಕೈಯಿಂದ ಬಿಚ್ಚಿಸುವ ನಾಲ್ಕು ಸಂಗತಿ

ಮೊದಲನೆಯದು ಚಾರ್ಜು. ನಮ್ಮಪ್ಪನ ಹತ್ತಿರ ಎಚ್‌ಎಂಟಿ ಜನತಾ ಇತ್ತು, ದಿನಾ ಬೆಳಗ್ಗೆ ಕೀ ಕೊಡುತ್ತಿದ್ದರು. ಪೇಪರ್ ಓದುತ್ತಾ ಅರ್ಧ ನಿಮಿಷದ ಕೆಲಸ, ಕೈಯಲ್ಲಿದ್ದಂತೆಯೇ ಆಗಿಬಿಡುತ್ತಿತ್ತು. ಈಗಿನದು ಹಾಗಲ್ಲ, ಬಿಚ್ಚಿ ತಂತಿಗೆ ಹಚ್ಚಬೇಕು. ತೆಳು ಬ್ಯಾಂಡ್ 14 ದಿನ ಅಂತ ಹೇಳಿದ್ದು ನನಗೆ ಒಂಬತ್ತು ದಿನ ಬಂತು, ನಾಡಿ ಹತ್ತು ನಿಮಿಷಕ್ಕೊಮ್ಮೆ ನೋಡುವಂತೆ ಇಟ್ಟಿದ್ದೆ. ಕಾಲಿಂಗ್ ವಾಚ್ ಏಳು ದಿನ ಅಂತ ಹೇಳಿ, ಬ್ಲೂಟೂತ್ ಕರೆ ಆನ್ ಇದ್ದಾಗ ಎರಡು ದಿನ ಬಂತು. ಲೆಕ್ಕ ಹಾಕಿ: ತಿಂಗಳಿಗೆ ಮೂರ್ನಾಲ್ಕು ಸಲ ಎಲ್ಲಿ, ಹದಿನೈದು ಸಲ ಎಲ್ಲಿ. ನಾನು ಕಂಡುಕೊಂಡ ಉಪಾಯ, ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕುವುದು, ಬಂದ ತಕ್ಷಣ ಕಟ್ಟಿಕೊಳ್ಳುವುದು. ವಾರಕ್ಕೆ ಎರಡು ಸ್ನಾನದ ಹೊತ್ತು ಬ್ಯಾಂಡಿಗೆ ಸಾಕು. ಚಾರ್ಜರ್ ಮಾತ್ರ ಜೋಪಾನ. ಒಂದರ ಪಿನ್ನು ಇನ್ನೊಂದಕ್ಕೆ ಹೊಂದುವುದಿಲ್ಲ, ಕಳೆದುಹೋದರೆ ಹಳೇ ಮಾಡೆಲಿನದು ಸಿಗುವುದು ಕಷ್ಟ. ಕೊಳ್ಳುವಾಗಲೇ ಇನ್ನೊಂದು ಚಾರ್ಜರ್ ಸಿಗುತ್ತದಾ ಅಂತ ಕೇಳಿ.

ಎರಡನೆಯದು ನೀರು. ಡಬ್ಬಿಯ ಮೇಲೆ 5 ಎಟಿಎಂ (ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಅಂತ ಇದ್ದರೆ ಪಾತ್ರೆ ತೊಳೆಯಬಹುದು, ಮಳೆಯಲ್ಲಿ ನೆನೆಯಬಹುದು, ಈಜಬಹುದು. ಐಪಿ67, ಐಪಿ68 (ದೂಳು, ನೀರು ತಡೆಯುವ ದರ್ಜೆ) ಅಂತ ಮಾತ್ರ ಇದ್ದರೆ ಬೆವರು, ಮಳೆ, ಕೈ ತೊಳೆಯುವುದಕ್ಕೆ ಅಡ್ಡಿಯಿಲ್ಲ, ಈಜಿಗೆ ಬೇಡ. ಈ ದರ್ಜೆ ಕೊಡುವ ಪರೀಕ್ಷೆಗಳೆಲ್ಲ ತಣ್ಣನೆಯ ನಿಂತ ನೀರಿನಲ್ಲಿ ಮಾಡಿದ್ದು. ಹಂಡೆಯ ಬಿಸಿನೀರು, ಆವಿ, ಸೋಪು ಒಳಗಿನ ರಬ್ಬರನ್ನು ಸಡಿಲ ಮಾಡುತ್ತವೆ. ಸ್ನಾನಕ್ಕೆ ಬಿಚ್ಚುವುದೇ ಒಳ್ಳೆಯದು.

ಮೂರನೆಯದು ಚರ್ಮ. ಏಪ್ರಿಲ್ ಬಿಸಿಲಲ್ಲಿ ಸಿಲಿಕೋನ್ ಪಟ್ಟಿಯ ಕೆಳಗೆ ಬೆವರು ನಿಂತು ನನಗೆ ಕೆಂಪು ಗಂದೆ ಎದ್ದಿತು. ಕರಾವಳಿಯ ಸೆಕೆಯಲ್ಲಿ ಇರುವವರಿಗೆ ಇನ್ನೂ ಜಾಸ್ತಿ. ಎರಡು ದಿನಕ್ಕೊಮ್ಮೆ ಪಟ್ಟಿ ತೊಳೆದು ಪೂರ್ತಿ ಒಣಗಿಸಿ. ವಾರಕ್ಕೊಮ್ಮೆ ಕೈ ಬದಲಿಸಿ, ಆ್ಯಪಿನಲ್ಲಿ ಎಡ, ಬಲ ಬದಲಿಸುವುದನ್ನು ಮರೆಯಬೇಡಿ. ಸುಲಭವಾಗಿ ಬದಲಿಸಬಹುದಾದ ಪಟ್ಟಿ ಇರುವ ಮಾಡೆಲನ್ನೇ ಆರಿಸಿ. 150 ರೂಪಾಯಿಗೆ ಇನ್ನೊಂದು ಪಟ್ಟಿ ಸಿಕ್ಕರೆ ಒಂದು ಒಣಗುವಾಗ ಇನ್ನೊಂದು ಹಾಕಬಹುದು.

ನಾಲ್ಕನೆಯದನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ಬಳೆ. ಅಮ್ಮನ ಎರಡೂ ಕೈಯಲ್ಲಿ ಬಳೆ ಇದೆ. ದೊಡ್ಡ ಚೌಕದ ವಾಚ್ ಕಟ್ಟಿದರೆ ಬಳೆ ಅದಕ್ಕೆ ಬಡಿಯುತ್ತದೆ, ಗಾಜಿಗೆ ಗೀರು ಬೀಳುತ್ತದೆ, ಬಳೆ ತಾಗಿ ಪರದೆ ತಾನೇ ಹೊತ್ತಿಕೊಳ್ಳುತ್ತದೆ. ತೆಳು ಬ್ಯಾಂಡ್ ಬಳೆಗಿಂತ ಮೇಲೆ, ಮೊಣಕೈ ಕಡೆಗೆ, ತಣ್ಣಗೆ ಕೂರುತ್ತದೆ. ರಾತ್ರಿ ಮಲಗಿದಾಗಲೂ ಕೆನ್ನೆಗೆ ಚುಚ್ಚುವುದಿಲ್ಲ. ಅಮ್ಮ ವಾಚ್ ಕಟ್ಟಿಕೊಂಡು ಒಂದೇ ಒಂದು ರಾತ್ರಿಯೂ ಮಲಗಲಿಲ್ಲ.

ನಿದ್ದೆಯ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ಮಲಗಿದ ಹೊತ್ತು, ಎದ್ದ ಹೊತ್ತು ಪರವಾಗಿಲ್ಲ. ಗಾಢ ನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಅನ್ನುವುದು ಅಲುಗಾಟ, ನಾಡಿ ನೋಡಿ ಮಾಡುವ ಊಹೆ. ಸೋಫಾದ ಮೇಲೆ ಅಲುಗದೆ ಕೂತು ಧಾರಾವಾಹಿ ನೋಡಿದ್ದೂ ಒಂದೊಂದು ಸಲ ನಿದ್ದೆ ಅಂತ ಬರೆದುಕೊಳ್ಳುತ್ತದೆ. ನೈಟ್ ಶಿಫ್ಟಿನವರು ಹಗಲು ನಿದ್ದೆ ಲೆಕ್ಕಕ್ಕೆ ಬರುತ್ತದಾ ಅಂತ ಮೊದಲ ವಾರದಲ್ಲೇ ನೋಡಿಕೊಳ್ಳಿ. ಕೆಲವು ಮಾಡೆಲ್ ರಾತ್ರಿಯ ನಿದ್ದೆಯನ್ನು ಮಾತ್ರ ನಿದ್ದೆ ಅನ್ನುತ್ತವೆ.

ಕನ್ನಡ ಓದಲು ಬರುತ್ತದಾ?

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ನಿಮ್ಮ ಫೋನಿಗೆ ಜೋಡಿಸಲು ಹೇಳಿ. ಮನೆಯವರಿಂದ ಒಂದು ವಾಟ್ಸಾಪ್ ಕಳಿಸಲು ಹೇಳಿ, ಒತ್ತಕ್ಷರ ಇರಲಿ: "ಅಕ್ಕ ಹುಬ್ಬಳ್ಳಿಗೆ ಹೊರಟಿದ್ದಾಳೆ." ಅಮ್ಮನ ವಾಚಿನಲ್ಲಿ ಸಾಲಾಗಿ ಖಾಲಿ ಚೌಕಗಳು ಬಂದವು. ನನ್ನ ಸ್ನೇಹಿತನ ಬ್ಯಾಂಡಿನಲ್ಲಿ ಅಕ್ಷರ ಬಂದವು, ಒತ್ತುಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಂತವು. ನನ್ನದರಲ್ಲಿ ಸರಿಯಾಗಿ ಬಂತು. ಇಂಗ್ಲಿಷ್ ಓದದ ಹಿರಿಯರಿಗೆ ಕೊಡುವುದಾದರೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಮಗಳ ಮೆಸೇಜು ಚೌಕವಾಗಿ ಕಂಡರೆ ಆ ವಾಚು ಅವರದು ಅಂತ ಅವರಿಗೆ ಅನ್ನಿಸುವುದಾದರೂ ಹೇಗೆ?

ಹಾಗಾದರೆ ಯಾರಿಗೆ ಯಾವುದು?

ವಾಕಿಂಗ್ ಲೆಕ್ಕ ಮಾತ್ರ ಸಾಕು, ಫೋನ್ ಯಾವಾಗಲೂ ಜೇಬಲ್ಲೇ ಇರುತ್ತದೆ ಅಂದರೆ ಫೋನ್.

ದಿನವಿಡೀ, ರಾತ್ರಿಯೂ ಕಟ್ಟಿಕೊಳ್ಳಬೇಕು, ನಾಡಿಯ ಗೆರೆ ಬೇಕು, ನೀರಿನ ಕೆಲಸ ಜಾಸ್ತಿ, ಕೈ ಸಣ್ಣದು, ಬಳೆ ಇದೆ ಅಂದರೆ ತೆಳು ಬ್ಯಾಂಡ್. ನನ್ನ ಮತ ಪೂರ್ತಿ ಇದಕ್ಕೇ. 2015ರಲ್ಲಿ ಶಿಯೋಮಿಯ ಮೊದಲ ಎಂಐ ಬ್ಯಾಂಡ್ 999 ರೂಪಾಯಿಗೆ ಇಲ್ಲಿಗೆ ಬಂದಾಗ ಅದಕ್ಕೆ ಪರದೆಯೇ ಇರಲಿಲ್ಲ, ಮೂರು ಪುಟ್ಟ ದೀಪ ಅಷ್ಟೇ. ಈಗ ಅಂಗಡಿಯ ಗಾಜಿನ ಕಪಾಟಿನಲ್ಲಿ ಎದ್ದು ಕಾಣುವುದು ದೊಡ್ಡ ಪರದೆಯ ವಾಚುಗಳೇ, ತೆಳು ಬ್ಯಾಂಡನ್ನು ಕೇಳಿ ತೆಗೆಸಬೇಕು. ಸ್ವಲ್ಪ ಜಾಸ್ತಿ ಕೊಡಬಲ್ಲಿರಾದರೆ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಫಿಟ್3 ನೋಡಿ. 2024ರಲ್ಲಿ 4,999 ರೂಪಾಯಿಗೆ ಬಂತು, 5 ಎಟಿಎಂ ಇದೆ, ಕಟ್ಟಿಕೊಂಡವರು ಬಿದ್ದರೆ ಗುರುತಿಸುವ ವ್ಯವಸ್ಥೆಯೂ ಇದೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಅದು ದೊಡ್ಡ ಮಾತು. ಐಫೋನ್ ಜೊತೆ ಮಾತ್ರ ಅದು ಸೇರುವುದಿಲ್ಲ.

ಕೈ ತುಂಬಾ ಹಿಟ್ಟೋ, ಗ್ರೀಸೋ ಇರುವ ಕೆಲಸ, ಫೋನ್ ಬಂದರೆ ಎತ್ತಲೇಬೇಕು ಅನ್ನುವವರಿಗೆ ಕಾಲಿಂಗ್ ವಾಚ್ ನಿಜವಾಗಿ ಅನುಕೂಲ. ನಮ್ಮ ಬೀದಿಯ ಗ್ಯಾರೇಜಿನ ಹುಡುಗ ಅದನ್ನೇ ಕಟ್ಟುತ್ತಾನೆ, ಗಾಡಿಯ ಕೆಳಗೆ ಮಲಗಿಕೊಂಡೇ ಗಿರಾಕಿಗೆ ಉತ್ತರ ಕೊಡುತ್ತಾನೆ. ಅಮ್ಮನ ವಾಚನ್ನು ನಾನು ಅವನಿಗೇ ಕೊಟ್ಟೆ. ದಿನಾ ಸಂಜೆ ಅಂಗಡಿ ಮುಚ್ಚುವಾಗ ಚಾರ್ಜಿಗೆ ಹಾಕುತ್ತಾನೆ, ಹೆಜ್ಜೆಯ ಕಡೆ ನೋಡುವುದೇ ಇಲ್ಲ.

ಯಾವುದೇ ತಂದರೂ ವಾಪಸು ಕೊಡುವ ಗಡುವು ಮುಗಿಯುವ ಮುಂಚೆ ಎಲ್ಲ ಪರೀಕ್ಷೆ ಮುಗಿಸಿ. ಬಾಯಲ್ಲಿ ಎಣಿಸಿ 500 ಹೆಜ್ಜೆ, ಒಂದು ಸ್ಕೂಟರ್ ಸವಾರಿ, ಬೆರಳಿಟ್ಟು ನಾಡಿ, ಒಂದು ರಾತ್ರಿಯ ನಿದ್ದೆ, ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತದಾ ಅನ್ನುವುದು. ಮೂರನೇ ದಿನಕ್ಕೆ ಆ್ಯಪಿಗೆ ಲೆಕ್ಕ ಬರುವುದು ನಿಂತರೆ ಗಾಬರಿ ಬೇಡ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿರುತ್ತದೆ. ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದರೆ ಸರಿಹೋಗುತ್ತದೆ.

ಅಮ್ಮನ ಕೈಯಲ್ಲಿ ಈಗ ಬೂದು ಬಣ್ಣದ ತೆಳು ಬ್ಯಾಂಡ್ ಇದೆ, ಬಳೆಗಿಂತ ನಾಲ್ಕು ಬೆರಳು ಮೇಲೆ. ಏಳು ತಿಂಗಳಾಯಿತು. ಕಿಟಕಿ ಕಟ್ಟೆಯ ಮೇಲೆ ಅದು ಒಂದು ದಿನವೂ ಕೂತಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಕೈ ನೋಡಿಕೊಂಡರು. 4,870. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ಹೊರಟರು.